ಇರುವೆಗಳಿಗೆ ಗೊತ್ತಿದ್ದ ಮಣೆ

ಕಾಲೇಜಿನ ಬೇಸಿಗೆ ರಜೆಯಲ್ಲಿ ಮಂಡ್ಯದ ಪುಟ್ಟ ಮ್ಯೂಸಿಯಮ್ಮೊಂದರಲ್ಲಿ ಇಂಟರ್ನ್‌ಶಿಪ್ ಮಾಡುತ್ತಿದ್ದೆ. ಹಳ್ಳಿಗಳಿಂದ ಬಂದ ಹಳೇ ಸಾಮಾನಿಗೆ ಹೆಸರಿನ ಚೀಟಿ ಅಂಟಿಸುವುದು ನನ್ನ ಕೆಲಸ. ಸಾಲಾಗಿ ಗುಳಿಗಳಿದ್ದ ಮರದ ಹಲಗೆಯೊಂದಕ್ಕೆ 'ಅಳಗುಳಿ ಮಣೆ, ಹೆಂಗಸರ ಆಟ' ಎಂದು ಬರೆದಿದ್ದೆ. ಅದಕ್ಕೆ ಮುತ್ತುತ್ತಿದ್ದ ಇರುವೆಗಳನ್ನು ದಿನಾ ಬೆಳಿಗ್ಗೆ ಬೈದುಕೊಂಡೇ ಒರೆಸುತ್ತಿದ್ದೆ.

ಒಂದು ದಿನ ಕಿರುಗಾವಲಿನ ವಯಸ್ಸಾದ ರೈತರೊಬ್ಬರು ಚೀಟಿ ಓದಿ ಗೊಳ್ಳನೆ ನಕ್ಕರು.

"ಯಾವೂರವ್ವ ನಿಂದು?"

"ಯಲಿಯೂರು."

"ಕಬ್ಬಿನ ಗದ್ದೆ ಮಧ್ಯ ಉಟ್ಬುಟ್ಟು ಇದು ಗೊತ್ತಿಲ್ವಾ? ಆಲೆಮನೇಲಿ ಬೆಲ್ಲ ಉಯ್ಯೋ ಅಚ್ಚು ಕಣವ್ವ! ಮೂಸ್ನೋಡು."

ಬಗ್ಗಿ ಮೂಸಿದೆ. ತಾತನ ಆಲೆಮನೆಯಲ್ಲಿ ಬಿಸಿ ಬೆಲ್ಲಕ್ಕೆ ಕೈಯೊಡ್ಡಿ ನಿಂತಿದ್ದ ಸಂಜೆಗಳೆಲ್ಲ ನೆನಪಾದವು. ಆಗ ಕಣ್ಣೆಲ್ಲ ಬೆಲ್ಲದ ಮೇಲೇ; ಅಚ್ಚನ್ನು ನೋಡಿದವರಾರು!

ಚೀಟಿ ಬದಲಾಯಿಸಿದೆ. ಕೊನೆಯ ದಿನ ಕೊಟ್ಟ ಸರ್ಟಿಫಿಕೇಟಿನಲ್ಲಿ 'ವಸ್ತುಗಳನ್ನು ಗುರುತಿಸುವುದರಲ್ಲಿ ನಿಪುಣೆ' ಎಂದಿದೆ. ನ್ಯಾಯವಾಗಿ ಅದು ಇರುವೆಗಳಿಗೆ ಸಲ್ಲಬೇಕಿತ್ತು.