ಸ್ಟ್ಯಾಂಡರ್ಡ್ ರೂಮಿನ ಶೈಲಜಾ

ಪೀಣ್ಯ ಎರಡನೇ ಹಂತದ ಆ ಕಾರ್ಖಾನೆಗೆ ಶೈಲಜಾ ಸೇರಿದಾಗ ಅಲ್ಲಿ ಹೆಂಗಸರಿಗೆಂದು ಒಂದು ಶೌಚಾಲಯವೂ ಇರಲಿಲ್ಲ. ರಾಣೆಬೆನ್ನೂರಿನವಳು, ಮೆಕ್ಯಾನಿಕಲ್ ಡಿಪ್ಲೊಮಾ ಓದಿದವಳು. ಮದುವೆಯಾಗಿ ರಾಜಗೋಪಾಲನಗರಕ್ಕೆ ಬಂದು ಎರಡು ವರ್ಷ ಕೆಲಸಕ್ಕಾಗಿ ಅಲೆದಿದ್ದಳು. ಹೋದಲ್ಲೆಲ್ಲ ‘ಮಷೀನ್ ಶಾಪಿಗೆ ಹೆಂಗಸರನ್ನ ತಗೊಳಲ್ಲಮ್ಮ’ ಎಂದು ಗೇಟಿನಲ್ಲೇ ಕಳಿಸುತ್ತಿದ್ದರು. ಒಳಗೆ ಕರೆದು ಕೂರಿಸಿ, ಕೈಗೆ ಮೈಕ್ರೋಮೀಟರ್ ಕೊಟ್ಟು, ‘ಅಳ್ದು ಯೋಳು ನೋಡಾನ’ ಎಂದವರು ವೆಂಕಟೇಶಪ್ಪ ಒಬ್ಬರೇ. ಅವಳು ಮೂರು ಸಲ ಅಳೆದು ಮೂರು ಸಲವೂ ಒಂದೇ ಅಂಕಿ ಹೇಳಿದಳು. ಮರುದಿನದಿಂದಲೇ ಕೆಲಸ. ಶೌಚಾಲಯವನ್ನೂ ಅವರೇ ಮಾಲೀಕರ ಹತ್ತಿರ ಜಗಳವಾಡಿ ಕಟ್ಟಿಸಿದರು.

ಅದಾಗಿ ಹತ್ತೊಂಬತ್ತು ವರ್ಷ. ಆಗ ಸೂಪರ್‌ವೈಸರ್ ಆಗಿದ್ದ ವೆಂಕಟೇಶಪ್ಪ ಈಗ ವರ್ಕ್ಸ್ ಮ್ಯಾನೇಜರ್. ಪಕ್ಕದ ಹಳ್ಳಿಯವರೇ, ಸುತ್ತಲಿನ ಶೆಡ್ಡುಗಳು ಎದ್ದ ನೆಲದಲ್ಲಿ ಅವರಪ್ಪ ರಾಗಿ ಬೆಳೆದಿದ್ದರಂತೆ. ಪೀಣ್ಯದಲ್ಲಿ ಅವರನ್ನು ಅರಿಯದ ಕಾರ್ಖಾನೆ ಇಲ್ಲ. ಶೈಲಜಾಳನ್ನು ಹೆಸರು ಹಿಡಿದು ಕರೆದವರಲ್ಲ, ಯಾವಾಗಲೂ ‘ಅಮ್ಮಣ್ಣಿ’. ಅವಳು ಕೂರುವುದು ಸ್ಟ್ಯಾಂಡರ್ಡ್ ರೂಮಿನಲ್ಲಿ. ಮಷೀನುಗಳ ಗದ್ದಲ ಕೇಳಿಸದಂತೆ ಗಾಜು ಹಾಕಿ ಮುಚ್ಚಿದ, ವರ್ಷವಿಡೀ ಇಪ್ಪತ್ತು ಡಿಗ್ರಿಯಲ್ಲೇ ಇರಬೇಕಾದ ಕೋಣೆ ಅದು. ತಯಾರಾದ ಮಾಲು ಅಲ್ಲಿಗೆ ಬರುತ್ತದೆ, ಅವಳು ಅಳೆಯುತ್ತಾಳೆ, ವರದಿಗೆ ಸಹಿ ಹಾಕುತ್ತಾಳೆ. ಆ ಸಹಿ ಇಲ್ಲದೆ ಒಂದು ಪೆಟ್ಟಿಗೆಯೂ ಲಾರಿ ಹತ್ತುವುದಿಲ್ಲ.

ಎರಡು ವರ್ಷದ ಹಿಂದೆ ಕ್ವಾಲಿಟಿ ವಿಭಾಗಕ್ಕೆ ಮುಖ್ಯಸ್ಥೆಯಾಗಿ ದಿವ್ಯಾ ಬಂದಳು. ವಯಸ್ಸು ಮೂವತ್ತನಾಲ್ಕು. ದೊಡ್ಡ ಕಂಪನಿಯಲ್ಲಿ ಪಳಗಿದವಳು, ಮಾಲೀಕರ ಮಗನೇ ಹುಡುಕಿ ಕರೆತಂದಿದ್ದ. ಅಲ್ಲಿಯವರೆಗೆ ಕ್ವಾಲಿಟಿಯವರೂ ವೆಂಕಟೇಶಪ್ಪನವರ ಮಾತನ್ನೇ ಕೇಳಿಕೊಂಡಿದ್ದರು. ಇನ್ನು ಮುಂದೆ ದಿವ್ಯಾ ನೇರವಾಗಿ ಮಾಲೀಕರಿಗೆ ವರದಿ ಮಾಡುತ್ತಾಳೆ ಎಂದಾದಾಗ ವೆಂಕಟೇಶಪ್ಪನವರ ಮುಖ ಗಂಟಿಕ್ಕಿದ್ದು ಮತ್ತೆ ಸಡಿಲವಾಗಲಿಲ್ಲ. ಅವರಿಬ್ಬರೂ ಮೀಟಿಂಗಿನಲ್ಲಿ ಒಬ್ಬರನ್ನೊಬ್ಬರು ನೋಡದೆ ಗೋಡೆಗೆ ಹೇಳಿದ ಹಾಗೆ ಮಾತಾಡುತ್ತಿದ್ದರು.

ಶೈಲಜಾಗೆ ಕಷ್ಟವಾದದ್ದು ಏನೆಂದರೆ, ಇಬ್ಬರೂ ಅವಳಿಗೆ ಒಳ್ಳೆಯವರೇ. ಅವಳ ಅಭಿಪ್ರಾಯ ಕೇಳಿ, ಅದನ್ನು ಅವಳ ಹೆಸರಿನಲ್ಲೇ ಮಾಲೀಕರ ಮುಂದೆ ಇಟ್ಟ ಮೊದಲ ಬಾಸ್ ದಿವ್ಯಾ. ‘ಶೈಲಜಾ ಅಕ್ಕ’ ಎನ್ನುತ್ತಿದ್ದಳು. ಆದರೆ ಬೆಳಿಗ್ಗೆ ವೆಂಕಟೇಶಪ್ಪ ಬಾಗಿಲು ತಳ್ಳಿಕೊಂಡು ಬಂದು, “ಏನಂತಾಳಮ್ಮಣ್ಣಿ ನಿಮ್ಮ ಮೇಡಮ್ಮು?” ಎಂದು ಕೇಳುವರು. ಮಧ್ಯಾಹ್ನ ದಿವ್ಯಾ ಟೀ ಕಪ್ಪು ಹಿಡಿದು ಬಂದು, “ಅಕ್ಕ, ಅವರು ಬೆಳಿಗ್ಗೆ ಬಂದಿದ್ರಲ್ಲ, ಏನಂತೆ?” ಎನ್ನುವಳು. ಇಬ್ಬರಿಗೂ ಅವಳು ಏನೋ ಒಂದು ಚೂರು ಹೇಳಿ ಸಾಗಹಾಕುತ್ತಿದ್ದಳು. ಹೇಳಿದ ಚೂರುಗಳೇ ಸೇರಿ ತಾನು ಇಬ್ಬರ ಗೂಢಚಾರಿಣಿಯಾಗಿದ್ದೇನೆ ಎಂಬುದು ಅವಳಿಗೆ ಹೊಳೆಯುವ ಹೊತ್ತಿಗೆ ವರ್ಷವೇ ಕಳೆದಿತ್ತು.

ಕಳೆದ ಏಪ್ರಿಲ್‌ನ ಒಂದು ಶುಕ್ರವಾರ. ಹೊಸೂರಿನ ಗ್ರಾಹಕ ಕಂಪನಿಗೆ ಹೋಗಬೇಕಾಗಿದ್ದ ಪಂಪಿನ ಶಾಫ್ಟುಗಳ ಲಾಟ್ ಒಂದು ಅಳತೆಗೆ ಬಂತು. ಶೈಲಜಾ ಅಳೆದಳು. ಕೆಲವು ಶಾಫ್ಟುಗಳ ದಪ್ಪ ಮಿತಿಗಿಂತ ಆರು ಮೈಕ್ರಾನ್ ಹೆಚ್ಚಿತ್ತು. ಕೂದಲೆಳೆಯ ಹತ್ತನೇ ಒಂದು ಪಾಲಿನಷ್ಟೂ ಇಲ್ಲ, ಆದರೆ ಪಂಪಿನೊಳಗೆ ಕಚ್ಚಿಕೊಳ್ಳಲು ಅಷ್ಟು ಸಾಕು. ತಡೆಹಿಡಿಯಿರಿ ಎಂದು ಬರೆದಳು.

ವೆಂಕಟೇಶಪ್ಪ ಓಡಿ ಬಂದರು. “ಬೆಳಗ್ಗೆ ಎರಡು ಗಂಟೆ ಹೊತ್ತು ಕರೆಂಟ್ ಇರ್ಲಿಲ್ಲ, ಎ.ಸಿ. ನಿಂತಿತ್ತು. ಕಬ್ಬಿಣ ಬಿಸಿಗೆ ಉಬ್ಬಲ್ವಾ? ನಿಂಗೇ ನಾನು ಯೋಳ್ಕೊಡ್ಬೇಕಾ?”

ಅದು ಸುಳ್ಳೇನಲ್ಲ. ಶೈಲಜಾ ಕೋಣೆ ತಣ್ಣಗಾಗಲು ಬಿಟ್ಟು ಮಧ್ಯಾಹ್ನ ಮತ್ತೆ ಅಳೆದಳು. ಆರು ಇದ್ದದ್ದು ನಾಲ್ಕಾಯಿತು. ನಾಲ್ಕು ಉಳಿದೇ ಉಳಿಯಿತು.

“ಡೀವಿಯೇಷನ್ ಫಾರಂ ಹಾಕಿ ಕಳ್ಸು,” ಎಂದರು ಅವರು. ಅಳತೆ ಸ್ವಲ್ಪ ತಪ್ಪಿದ್ದರೂ ಮಾಲು ಕಳಿಸಬಹುದು ಎಂದು ಒಪ್ಪಿಗೆ ಕೊಡುವ ಕಾಗದ ಅದು. ಅದಕ್ಕೆ ದಿವ್ಯಾಳ ಸಹಿ ಬೇಕು. ದಿವ್ಯಾ ಚೆನ್ನೈಗೆ ಹೋಗಿದ್ದಳು, ಫೋನ್ ಸಿಗುತ್ತಿರಲಿಲ್ಲ.

“ಸಾರ್, ಮೇಡಂ ಬರ್ಲಿ. ಸೋಮವಾರ…”

“ಸೋಮವಾರ ಅಂದ್ರೆ ಅವರ ಪಂಪ್ ಜೋಡ್ಸೋ ಲೈನೇ ನಿಂತೋಗ್ತದೆ ಕಣಮ್ಮಣ್ಣಿ. ನಾನ್ ಮಾತಾಡ್ಕೊಂತೀನಿ ಅವಳ್ತಾವ. ‘ಬಾಯಿಮಾತಿನ ಒಪ್ಪಿಗೆ ಮೇರೆಗೆ’ ಅಂತ ಬರ್ದು ನೀನು ಸಹಿ ಹಾಕು. ಇಷ್ಟು ವರ್ಷದಲ್ಲಿ ನಿನ್ನ ಯಾವತ್ತಾದ್ರೂ ಕೈ ಬಿಟ್ಟಿದ್ದೀನಾ?”

ಬಿಟ್ಟಿರಲಿಲ್ಲ. ಅದೇ ತೊಂದರೆ. ಗದರಿಸಿದ್ದರೆ ಅವಳು ಆಗುವುದಿಲ್ಲ ಎನ್ನುತ್ತಿದ್ದಳೇನೋ. ಅವಳಿಗೆ ಮಗಳು ಹುಟ್ಟಿದಾಗ ನಾಲ್ಕು ತಿಂಗಳು ಕೆಲಸ ಕಾದಿಟ್ಟ ಮನುಷ್ಯ ಎದುರಿಗೆ ನಿಂತು ಕೇಳುತ್ತಿದ್ದರು. ಅವಳು ಸಹಿ ಹಾಕಿದಳು. ಯಾರ ಬಾಯಿಮಾತು ಎಂದು ಬರೆಯಲಿಲ್ಲ.

ಹದಿನೈದು ದಿನಕ್ಕೆ ಹೊಸೂರಿನಿಂದ ದೂರು ಬಂತು. ಪಂಪುಗಳು ಸಿಕ್ಕಿಕೊಳ್ಳುತ್ತಿವೆ, ಲಾಟ್ ವಾಪಸ್. ದಿವ್ಯಾ ಕಡತ ತೆಗೆಸಿದಳು. ಅದರಲ್ಲಿದ್ದ ಸಹಿ ಒಂದೇ.

ದಿವ್ಯಾ ಕೂಗಾಡಲಿಲ್ಲ. ಶೈಲಜಾಳನ್ನು ತನ್ನ ಕ್ಯಾಬಿನ್‌ಗೆ ಕರೆದು ಬಾಗಿಲು ಹಾಕಿದಳು. “ಅಕ್ಕ, ನೀವಾಗೇ ಹೀಗೆ ಮಾಡೋರಲ್ಲ ಅಂತ ಗೊತ್ತು. ಯಾರು ಹೇಳಿದ್ರು, ಏನು ಹೇಳಿದ್ರು, ನಡೆದಿದ್ದು ನಡೆದ ಹಾಗೆ ಬರ್ಕೊಡಿ ಸಾಕು. ನಿಮಗೆ ಏನೂ ಆಗಲ್ಲ, ಅದು ನನ್ನ ಜವಾಬ್ದಾರಿ.”

“ಬರೀದಿದ್ರೆ?”

“ಬರೀದಿದ್ರೆ ಫೈಲಲ್ಲಿ ಇರೋದು ನಿಮ್ಮ ಸಹಿ ಮಾತ್ರ ಅಲ್ವಾ ಅಕ್ಕ.” ದಿವ್ಯಾಳ ದನಿಯಲ್ಲಿ ಬೆದರಿಕೆ ಇರಲಿಲ್ಲ, ನಿಜವಾದ ಮರುಕವೇ ಇತ್ತು.

ಮೂರು ದಿನ ತಳ್ಳಿದಳು. ವೆಂಕಟೇಶಪ್ಪ ಆ ಮೂರು ದಿನ ಸ್ಟ್ಯಾಂಡರ್ಡ್ ರೂಮಿನ ಕಡೆ ಸುಳಿಯಲಿಲ್ಲ. ‘ಅದು ನಾನು ಹೇಳಿದ್ದು’ ಎಂದು ಅವರೇ ಒಂದು ಮಾತು ಒಪ್ಪಿಕೊಳ್ಳಬಹುದು ಎಂದು ಅವಳು ಕಾದಳು. ಕ್ಯಾಂಟೀನಿನಲ್ಲಿ ಕಣ್ಣಿಗೆ ಬಿದ್ದಾಗ ಅವರು ತಟ್ಟೆಯ ಕಡೆ ನೋಡಿದರು. ಅವರ ನಿವೃತ್ತಿಗೆ ಒಂದೂವರೆ ವರ್ಷ ಬಾಕಿ ಇತ್ತು.

ಮನೆಯಲ್ಲಿ ಗಂಡ ರೇವಣಸಿದ್ದ ಎಲ್ಲವನ್ನೂ ಕೇಳಿಸಿಕೊಂಡ. ಖಾಸಗಿ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು ಅವನು, ನೇರ ಮಾತಿನವನು. “ಖರೇ ಏನೈತಿ ಅದನ್ನ ಬರದು ಕೊಡು. ಸುಳ್ಳೇನ್ ಬರಿಯಾಕತ್ತಿಲ್ಲಲ್ಲ ನೀ?”

“ಖರೇ ಬರದ್ರ ಅವರ ಮುಖ ಹೆಂಗ ನೋಡ್ಲಿ?”

“ನಿನ್ನ ಮುಖ ಅವರು ನೋಡಾಕತ್ತಾರೇನು?”

ನಾಲ್ಕನೇ ದಿನ ಒಂದೂವರೆ ಪುಟ ಬರೆದಳು. ಕರೆಂಟು ಹೋದದ್ದು, ಎರಡನೇ ಸಲದ ಅಳತೆ, ವೆಂಕಟೇಶಪ್ಪ ಆಡಿದ ಮಾತು, ತಾನು ದಿವ್ಯಾಳ ಅನುಮತಿಯಿಲ್ಲದೆ ಸಹಿ ಹಾಕಿದ್ದು. ದಿವ್ಯಾ ಓದಿ, “ಥ್ಯಾಂಕ್ಸ್ ಅಕ್ಕ” ಎಂದು ಡ್ರಾಯರಿಗೆ ಹಾಕಿ ಬೀಗ ಹಾಕಿದಳು.

ಇನ್ನೇನು, ವಿಚಾರಣೆ ಆಗುತ್ತದೆ, ವೆಂಕಟೇಶಪ್ಪನವರನ್ನು ಕಳಿಸಿಬಿಡುತ್ತಾರೆ ಎಂದು ಅವಳು ಕಾದಳು. ವಾರ ಕಳೆಯಿತು, ಎರಡು ವಾರ ಕಳೆಯಿತು. ಏನೂ ಆಗಲಿಲ್ಲ. ಆಗಿದ್ದು ಬೇರೆಯೇ. ದಿವ್ಯಾ ಬಹಳ ದಿನದಿಂದ ಕೇಳುತ್ತಿದ್ದ ಹೊಸ ತಪಾಸಣೆ ಪದ್ಧತಿಗೆ ವೆಂಕಟೇಶಪ್ಪ ಒಂದು ಮೀಟಿಂಗಿನಲ್ಲಿ ಎದುರಾಡದೆ ಒಪ್ಪಿಬಿಟ್ಟರು. ಸಂಜೆ ಪಾಳಿಗೆ ಅವಳು ಸೂಚಿಸಿದ ಇಂಜಿನಿಯರನ್ನೇ ಹಾಕಿಕೊಂಡರು. ಹೊಸೂರಿನ ದೂರಿಗೆ ‘ವಿದ್ಯುತ್ ವ್ಯತ್ಯಯದಿಂದಾದ ಅಳತೆಯ ದೋಷ’ ಎಂದು ಇಬ್ಬರೂ ಕೂಡಿಯೇ ಉತ್ತರ ಕಳಿಸಿದರು. ಆಯುಧಪೂಜೆಯ ದಿನ ಕುಂಬಳಕಾಯಿ ಒಡೆಯುವಾಗ ಪಕ್ಕಪಕ್ಕ ನಿಂತು ನಗುತ್ತ ಫೋಟೊ ತೆಗೆಸಿಕೊಂಡರು.

ಪೂಜೆಯ ಪ್ರಸಾದ ಹಂಚುತ್ತ ವೆಂಕಟೇಶಪ್ಪ ಶೈಲಜಾಳ ಮುಂದೆ ಬಂದರು. “ತಗೊಳ್ಳಿ ಮೇಡಂ,” ಎಂದರು.

ಅವಳು ಕೈ ಚಾಚಿದಳು. ಅವರು ಪೊಟ್ಟಣ ಇಟ್ಟು ಮುಂದೆ ಹೋದರು. ‘ಅಮ್ಮಣ್ಣಿ’ ಹೋಗಿ ‘ಮೇಡಂ’ ಆದದ್ದರಿಂದಲೇ, ಆ ಕಾಗದವನ್ನು ಅವರಿಗೆ ತೋರಿಸಲಾಗಿದೆ ಎಂದು ಅವಳಿಗೆ ಗೊತ್ತಾಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು.

ದಿವ್ಯಾಳ ಹತ್ತಿರ ಹೋಗಿ ಕೇಳಿದಳು. “ಅದನ್ನ ಅವರಿಗೆ ಯಾಕೆ ತೋರಿಸಿದ್ರಿ ಮೇಡಂ?”

“ಅಕ್ಕ, ಅವರನ್ನ ಕಳಿಸೋದ್ರಿಂದ ಯಾರಿಗೆ ಲಾಭ? ಈಗ ನೋಡಿ, ಕೆಲಸ ಎಷ್ಟು ಸಲೀಸಾಗಿ ನಡೀತಿದೆ. ಪರ್ಸನಲ್ ಆಗಿ ತಗೋಬೇಡಿ.”

“ಹಾಗಾದ್ರೆ ಆ ಪೇಪರ್ ವಾಪಸ್ ಕೊಡಿ.”

ದಿವ್ಯಾ ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ. “ಅದು ಎಚ್‌ಆರ್ ಫೈಲಿಗೆ ಹೋಗಿದೆಯಲ್ಲ ಅಕ್ಕ. ನಿಮ್ಮ ಫೈಲಿಗೆ.”

ಅಂದಿನಿಂದ ಟೀ ಕಪ್ಪು ಹಿಡಿದು ಯಾರೂ ಸ್ಟ್ಯಾಂಡರ್ಡ್ ರೂಮಿಗೆ ಬರಲಿಲ್ಲ. ಒಬ್ಬರ ಮೇಲೆ ಬರೆದುಕೊಟ್ಟವಳು ನಾಳೆ ನನ್ನ ಮೇಲೂ ಬರೆದಾಳು ಎಂದು ದಿವ್ಯಾಳಿಗೆ ಅನ್ನಿಸಿರಬೇಕು. ಮೀಟಿಂಗಿಗೆ ಶೈಲಜಾಳ ಬದಲು, ಅದೇ ಕೋಣೆಗೆ ಅವಳ ಸಹಾಯಕಿಯಾಗಿ ಹೋದ ವರ್ಷವಷ್ಟೇ ಸೇರಿದ್ದ ರಕ್ಷಿತಾಳನ್ನು ಕರೆಯತೊಡಗಿದಳು.

ಬೇರೆ ಕಡೆ ನೋಡಿಕೊಳ್ಳೋಣವೆಂದು ಶೈಲಜಾ ಮೂರನೇ ಹಂತದ ಒಂದು ಕಾರ್ಖಾನೆಗೆ ಅರ್ಧ ದಿನ ರಜೆ ಹಾಕಿ ಹೋಗಿಬಂದಳು. ಅವರಿಗೆ ಅವಳ ಕೆಲಸ ಹಿಡಿಸಿತು. ‘ಸೋಮವಾರ ಫೋನ್ ಮಾಡ್ತೀವಿ’ ಎಂದರು. ಮಾಡಲಿಲ್ಲ. ಗುರುವಾರ ಅವಳೇ ಮಾಡಿದಾಗ ಅಲ್ಲಿಯ ಮ್ಯಾನೇಜರ್ ಹೇಳಿದ: “ವೆಂಕಟೇಶಪ್ಪನವರನ್ನ ವಿಚಾರಿಸಿದ್ವಿ ಮೇಡಂ. ಅವರು ನಿಮ್ಮ ಬಗ್ಗೆ ಒಳ್ಳೇದೇ ಹೇಳಿದ್ರು. ಕೆಲಸದಲ್ಲಿ ಚೊಕ್ಕ ಅಂದ್ರು. ಆದ್ರೆ… ಬರೆಯೋದು ಸ್ವಲ್ಪ ಜಾಸ್ತಿ ಅಂದ್ರು.”

ಅವಳು ಫೋನ್ ಇಟ್ಟು ಗಾಜಿನಾಚೆ ನೋಡಿದಳು. ಪೀಣ್ಯದಲ್ಲಿ ಸಾವಿರಾರು ಕಾರ್ಖಾನೆಗಳಿವೆ. ಒಂದರ ಬಾಗಿಲೂ ತನಗೆ ತೆರೆಯುವುದಿಲ್ಲ ಎನ್ನಿಸಿತು. ಊರ ಆ ತುದಿಯ ಬೊಮ್ಮಸಂದ್ರಕ್ಕೆ ಹೋಗಬಹುದು. ಎರಡು ಬಸ್ಸು ಬದಲಿಸಿ, ಪಿಯುಸಿ ಓದುವ ಮಗಳು ಏಳುವ ಮೊದಲೇ ಹೊರಟು. ನಲವತ್ತಮೂರರ ಹೆಂಗಸನ್ನು ಅಲ್ಲಿ ಹೊಸದಾಗಿ ಯಾರು ತೆಗೆದುಕೊಳ್ಳುತ್ತಾರೆ?

ಫೆಬ್ರವರಿಯಲ್ಲಿ ಮತ್ತೊಂದು ಲಾಟ್ ಕೆಟ್ಟಿತು. ಈ ಸಲ ಕರೆಂಟು ಹೋಗಿರಲಿಲ್ಲ. ಶೈಲಜಾ ಅಳೆದಾಗ ಐದು ಮೈಕ್ರಾನ್ ಹೆಚ್ಚು. ಹನ್ನೊಂದು ಗಂಟೆಯ ಹೊತ್ತಿಗೆ ವೆಂಕಟೇಶಪ್ಪ ಮತ್ತು ದಿವ್ಯಾ ಒಟ್ಟಿಗೇ ಕೋಣೆಯೊಳಗೆ ಬಂದರು. ದಿವ್ಯಾಳ ಕೈಯಲ್ಲಿ ಅಳತೆಯ ವರದಿ ಇತ್ತು, ಅಂಕಿಗಳ ಜಾಗ ಖಾಲಿ.

“ಅಕ್ಕ, ಮಿತಿಯೊಳಗೆ ತೋರಿಸಿಬಿಡಿ. ಗ್ರಾಹಕರ ಜೊತೆ ಮಾತಾಗಿದೆ.”

“ಮಾತಾಗಿದ್ರೆ ಡೀವಿಯೇಷನ್ ಫಾರಂ ಹಾಕಿ ಮೇಡಂ. ಇಬ್ಬರೂ ಸಹಿ ಮಾಡಿಕೊಡಿ, ನಾನೂ ಮಾಡ್ತೀನಿ.”

“ನಂಬಿಕೆ ಇಲ್ವೇನೋ ಮೇಡಂಗೆ,” ಎಂದರು ವೆಂಕಟೇಶಪ್ಪ, ದಿವ್ಯಾಳ ಕಡೆ ತಿರುಗಿ. ಇಬ್ಬರೂ ನಕ್ಕರು.

ದಿವ್ಯಾ ಕಾಗದವನ್ನು ಪಕ್ಕದ ಮೇಜಿಗೆ ಸರಿಸಿದಳು. “ಇರ್ಲಿ ಬಿಡಿ. ರಕ್ಷಿತಾ, ನೀನು ಹಾಕ್ತೀಯಲ್ಲ?”

ರಕ್ಷಿತಾ ಪೆನ್ನು ತೆಗೆದಳು. ಅವಳ ಮುಖದಲ್ಲಿ ಹೆದರಿಕೆಯೇನೂ ಇರಲಿಲ್ಲ. ದೊಡ್ಡವರು ನನ್ನನ್ನು ನಂಬಿ ಒಂದು ಕೆಲಸ ಹೇಳಿದರಲ್ಲ ಎಂಬ ಸಂತೋಷವಿತ್ತು. ಶೈಲಜಾಗೆ ನೋಡಲಾಗಲಿಲ್ಲ.

“ಬೇಡ. ಕೊಡಮ್ಮ ಇಲ್ಲಿ,” ಎಂದು ಕಾಗದ ಎಳೆದುಕೊಂಡಳು. ಶಾಫ್ಟುಗಳ ದಪ್ಪ ಎಷ್ಟಿತ್ತೋ ಅದೇ ಅಂಕಿಗಳನ್ನು ತುಂಬಿದಳು. ಕೆಳಗೆ ‘ಮಿತಿ ಮೀರಿದೆ’ ಎಂದು ಬರೆದು ಸಹಿ ಹಾಕಿ ದಿವ್ಯಾಳ ಕೈಗೆ ಕೊಟ್ಟಳು. “ನನ್ನ ಕೋಣೆಯಿಂದ ಹೋಗೋದು ಇಷ್ಟೇ ಮೇಡಂ. ರಕ್ಷಿತಾ ಅಳೆದಿಲ್ಲ, ಅವಳ ಹತ್ರ ಸಹಿ ಕೇಳ್ಬೇಡಿ.”

ದಿವ್ಯಾ ಕಾಗದವನ್ನು ಎರಡಾಗಿ ಮಡಚಿದಳು. ವೆಂಕಟೇಶಪ್ಪ ಅವಳಿಗೆ ಬಾಗಿಲು ತೆರೆದು ಹಿಡಿದರು, ಇಬ್ಬರೂ ಹೊರಗೆ ಹೋದರು.

“ಯಾಕಕ್ಕ, ನಾನ್ ಹಾಕ್ತಿದ್ನಲ್ಲ?” ಎಂದಳು ರಕ್ಷಿತಾ. ಅವಳಿಗೆ ಸ್ವಲ್ಪ ಸಿಟ್ಟೇ ಬಂದಿತ್ತು. ಶೈಲಜಾ ಹೇಳಲು ಬಾಯಿ ತೆರೆದಳು. ಎಲ್ಲಿಂದ ಶುರುಮಾಡುವುದೆಂದು ತಿಳಿಯದೆ, “ಆ ಬಾಕ್ಸ್ ಮುಚ್ಚು, ಧೂಳು ಕೂರುತ್ತೆ,” ಎಂದಳು.

ಮರುದಿನ ಮಧ್ಯಾಹ್ನ ಆ ಲಾಟ್ ಲಾರಿ ಹತ್ತಿತು. ಯಾರ ಸಹಿಯಲ್ಲಿ ಹೋಯಿತೆಂದು ಅವಳಿಗೆ ಗೊತ್ತಾಗಲಿಲ್ಲ, ಕೇಳಲೂ ಇಲ್ಲ. ವಾರದ ನಂತರ ಒಂದು ಆದೇಶ ಬಂತು: ತಯಾರಾದ ಮಾಲಿನ ಅಂತಿಮ ಅಳತೆ ಇನ್ನು ಮುಂದೆ ರಕ್ಷಿತಾಳದು; ಶೈಲಜಾ ಅಳತೆಯ ಉಪಕರಣಗಳ ಪಟ್ಟಿ ಮತ್ತು ತಪಾಸಣೆ ನೋಡಿಕೊಳ್ಳತಕ್ಕದ್ದು. ಸಂಬಳ ಅದೇ, ಕೋಣೆ ಅದೇ, ಕುರ್ಚಿ ಮಾತ್ರ ಗೋಡೆಯ ಕಡೆಗೆ.

ಈಗಲೂ ಅವಳು ಬೆಳಿಗ್ಗೆ ಎಂಟೂಕಾಲಿಗೆ ಹಾಜರಿ ಯಂತ್ರಕ್ಕೆ ಬೆರಳೊತ್ತಿ ಒಳಗೆ ಹೋಗುತ್ತಾಳೆ. ವೆಂಕಟೇಶಪ್ಪ ಎದುರಾದರೆ “ನಮಸ್ಕಾರ ಮೇಡಂ” ಎನ್ನುತ್ತಾರೆ, ಅವಳೂ ನಮಸ್ಕಾರ ಎನ್ನುತ್ತಾಳೆ. ಬೆನ್ನ ಹಿಂದೆ ರಕ್ಷಿತಾ ಅಳೆಯುವ ಸದ್ದು ಕೇಳುತ್ತದೆ. ಕೆಲವೊಮ್ಮೆ ಆ ಸದ್ದು ನಡುವೆ ನಿಂತು ಮತ್ತೆ ಶುರುವಾಗುತ್ತದೆ. ಹುಡುಗಿ ಅದೇ ಶಾಫ್ಟನ್ನು ಎರಡನೇ ಸಲ, ಮೂರನೇ ಸಲ ಅಳೆಯುತ್ತಿದ್ದಾಳೆಂದು ಶೈಲಜಾಗೆ ತಿರುಗಿ ನೋಡದೆಯೂ ತಿಳಿಯುತ್ತದೆ. ಹಾಗಾದಾಗ ಅವಳು ಪಟ್ಟಿ ಬರೆಯುವುದನ್ನು ನಿಲ್ಲಿಸಿ, ಹುಡುಗಿ ತನ್ನನ್ನು ಏನಾದರೂ ಕೇಳುತ್ತಾಳೇನೋ ಎಂದು ಕಾಯುತ್ತಾಳೆ.