ಸ್ಪಂಜು ಜರುಗುವ ಪ್ಯಾಂಟು

ನನ್ನ ಹೆಂಡತಿ ಹೋದ ಮೇಲೆ ಅವಳ ಸೀರೆಗಳನ್ನು ಅವ್ವ ಒಂದೊಂದಾಗಿ ಹಂಚಿದಳು. ಸಂಬಂಧಿಕರಿಗೆ ಕೆಲವು, ಕೊಟ್ಟಿಗೆ ಕೆಲಸಕ್ಕೆ ಬರುವ ಹೆಂಗಸಿಗೆ ಒಂದೆರಡು. ಕೊನೆಗೆ ಉಳಿದದ್ದು ತೋಟದ ಪಂಪ್‌ಸೆಟ್ ಮನೆಯ ಮೊಳೆಗೆ ನಾನು ನೇತುಹಾಕಿದ್ದ ಒಂದು ಗೊಬ್ಬರದ ಚೀಲ. ಅದರೊಳಗೆ ಅವಳ ಸೈಕಲ್ ಬಟ್ಟೆಗಳಿದ್ದವು. ಅವನ್ನು ಯಾರೂ ಕೇಳಲಿಲ್ಲ. ಕೇಳುವಂಥವೂ ಆಗಿರಲಿಲ್ಲ. ಕೊಂಡು ತಂದವನು ನಾನು, ಎಲ್ಲವೂ ಅಗ್ಗದ ಮಾಲು.

ಅವಳನ್ನು ಕೊಂದದ್ದು ಆ ಬಟ್ಟೆಗಳೇ ಎಂದು ಅವ್ವ ನಂಬಿದ್ದಳು. ತುಮಕೂರಿನ ಡಾಕ್ಟರು ಡೆಂಗಿ ಎಂದರು, ಸೊಳ್ಳೆಯಿಂದ ಬರುವ ಜ್ವರ ಎಂದು ನಿಂತು ವಿವರಿಸಿದರು. ಅವ್ವ ಕೇಳಿಸಿಕೊಂಡಳು, ಒಪ್ಪಲಿಲ್ಲ. ಆ ಪ್ಲಾಸ್ಟಿಕ್ ಬಟ್ಟೆ ಮೈಗೆ ಅಂಟಿಕೊಂಡು ಉಷ್ಣವೆಲ್ಲ ಒಳಗೇ ನಿಂತುಬಿಟ್ಟಿತು, ಅದೇ ಜ್ವರವಾಯಿತು ಎಂದು ಬಂದವರಿಗೆಲ್ಲ ಹೇಳಿದಳು. ನನ್ನ ಹೆಂಡತಿ ಅವ್ವನ ಸ್ವಂತ ತಮ್ಮನ ಮಗಳು. ಸೊಸೆಯಾಗುವ ಮೊದಲೇ ಅವ್ವನ ತೊಡೆಯ ಮೇಲೆ ಆಡಿದವಳು. ಹಾಗಾಗಿ ನಾನು ಎದುರು ಮಾತನಾಡಲು ಹೋಗಲಿಲ್ಲ. ಆದರೆ ವರ್ಷ ಕಳೆದು, ಅವಳನ್ನು ಹಿರಿಯರ ಜೊತೆ ಸೇರಿಸುವ ಹಬ್ಬ ಹತ್ತಿರ ಬಂದಾಗ, ಸುಮ್ಮನಿರುವುದು ಕಷ್ಟವಾಯಿತು.

ನಮ್ಮಲ್ಲಿ ಹಿರಿಯರ ಹಬ್ಬಕ್ಕೆ ಎಡೆ ಇಡುವಾಗ ಹೋದವರಿಗೆ ಹೊಸ ಬಟ್ಟೆ ಇಡಬೇಕು. ಅವರು ಇಷ್ಟಪಟ್ಟು ತಿನ್ನುತ್ತಿದ್ದದ್ದು ಎಲೆಯ ಮೇಲೆ, ಇಷ್ಟಪಟ್ಟು ಉಡುತ್ತಿದ್ದದ್ದು ಕಳಶದ ಮುಂದೆ. ಅಪ್ಪನಿಗೆ ಪಂಚೆ, ಟವಲ್ಲು. ಅವಳಿಗೆ ಸೀರೆ ಎಂದು ಅವ್ವ ತೀರ್ಮಾನ ಮಾಡಿಯಾಗಿತ್ತು. ಸೀರೆ ಇಡಬಾರದು ಎಂದು ನನಗೂ ಇರಲಿಲ್ಲ. ಆದರೆ ಕೊನೆಯ ಎರಡು ವರ್ಷ ಅವಳು ಬೆಳಗಾಗುವುದನ್ನೇ ಕಾದು ಖುಷಿಯಿಂದ ತೊಡುತ್ತಿದ್ದದ್ದು ಸೀರೆಯನ್ನಲ್ಲ. ಅದು ನನಗೆ ಗೊತ್ತಿತ್ತು, ಅವ್ವನಿಗೂ ಗೊತ್ತಿತ್ತು.

ಶುರುವಾದದ್ದು ಅವಳ ಸಕ್ಕರೆ ಕಾಯಿಲೆಯಿಂದ. ನಡೆಯಿರಿ ಎಂದು ಡಾಕ್ಟರು ಹೇಳಿದ್ದರು. ನಮ್ಮ ಹಳ್ಳಿಯಿಂದ ನೊಣವಿನಕೆರೆ ಕಡೆಗೆ ಹೋಗುವ ದಾರಿಯಲ್ಲಿ ನಾಯಿಗಳು ಜಾಸ್ತಿ, ಅವಳಿಗೆ ನಾಯಿ ಎಂದರೆ ಭಯ. ಮಗಳಿಗೆ ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟಿದ್ದ ಸೈಕಲ್ಲು ಕೊಬ್ಬರಿ ಅಟ್ಟದ ಕೆಳಗೆ ತುಕ್ಕು ಹಿಡಿದು ನಿಂತಿತ್ತು. ಮಗಳು ಕಾಲೇಜಿಗೆ ಬಸ್ಸಿನಲ್ಲಿ ಹೋಗುತ್ತಿದ್ದಳು. ನಾಯಿ ಬಂದರೆ ಸೈಕಲ್ಲಾದರೆ ಓಡಿಸಿಕೊಂಡು ಬಂದುಬಿಡಬಹುದು ಎಂದು ಇವಳ ಲೆಕ್ಕ. ತೋಟದೊಳಗಿನ ಗಾಡಿದಾರಿಯಲ್ಲಿ ನಾನು ಸೀಟು ಹಿಡಿದುಕೊಂಡು ಕಲಿಸಿದೆ. ಮೊದಲ ವಾರವೇ ನೈಟಿಯ ಅಂಚು ಚೈನಿಗೆ ಸಿಕ್ಕಿ ಬಿದ್ದು ಮೊಣಕೈ ತರಚಿಕೊಂಡಳು.

ಆಗ ನಾನು ತಿಪಟೂರಿಗೆ ಕೊಬ್ಬರಿ ಹಾಕಲು ಹೋದಾಗ ಬೀದಿಬದಿಯ ತಳ್ಳುಗಾಡಿಯಲ್ಲಿ ಒಂದು ಸೈಕಲ್ ಪ್ಯಾಂಟು ಕೊಂಡೆ. ಕಪ್ಪು ಬಣ್ಣ, ಮೈಗೆ ಬಿಗಿ, ಕೂರುವ ಜಾಗಕ್ಕೆ ಒಳಗಡೆ ಸ್ಪಂಜು. ಮೊದಲ ದಿನವೇ ಬಣ್ಣ ಬಿಟ್ಟು ಅವಳ ತೊಡೆಯೆಲ್ಲ ಕಪ್ಪಾಯಿತು. ಸ್ಪಂಜಿಗೆ ನಾಲ್ಕು ಮೂಲೆಯಲ್ಲಿ ಮಾತ್ರ ಹೊಲಿಗೆ ಇತ್ತು, ತುಳಿಯುತ್ತ ತುಳಿಯುತ್ತ ಅದು ಒಂದು ಕಡೆಗೆ ಜರುಗುತ್ತಿತ್ತು. "ಹೋಗೋವಾಗ ಕೆಳಗಿರ್ತದೆ, ಬರೋವಾಗ ಸೊಂಟದ ಮ್ಯಾಲಿರ್ತದೆ ಕಣ್ರೀ. ಮಗ ಎತ್ಕೊಂಡಂಗೆ," ಎಂದು ನಗುತ್ತಿದ್ದಳು. ಅದು ಸರಿಯಿಲ್ಲವೆಂದು ಮೊಬೈಲಿನಲ್ಲಿ ಇನ್ನೊಂದು ತರಿಸಿದೆ. ಅದು ಮಗಳಿಗೂ ಆಗದಷ್ಟು ಸಣ್ಣದು. ಹಳದಿ ಮೇಲಂಗಿಯೊಂದು ತರಿಸಿದೆ, ಅದರ ಜಿಪ್ಪು ಕಿತ್ತುಬಂತು. ಅವಳು ಜಿಪ್ಪಿನ ಜಾಗಕ್ಕೆ ರವಿಕೆಯ ಹುಕ್ಕುಗಳನ್ನು ಹಾಕಿ ಹೊಲಿದುಕೊಂಡಳು. ಅದರ ಬೆನ್ನಿನ ಕಡೆ ಚೀಲದ ಹಾಗೆ ಮೂರು ಜೇಬುಗಳಿದ್ದವು, ಅದೊಂದು ಮಾತ್ರ ಅವಳಿಗೆ ಬಹಳ ಹಿಡಿಸಿತ್ತು. ಒಂದರಲ್ಲಿ ಮೊಬೈಲು, ಇನ್ನೊಂದರಲ್ಲಿ ಕೊಬ್ಬರಿ ಚೂರು. ಮೂರನೆಯದರಲ್ಲಿ ನನಗೆ ಕಾಣದಂತೆ ಬೆಲ್ಲ.

ಒಳ್ಳೆಯದೊಂದನ್ನು ತಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಈ ವಯಸ್ಸಿನ ಹೆಂಗಸು ಎಷ್ಟು ದಿನ ಸೈಕಲ್ ತುಳಿದಾಳು ಎಂದುಕೊಂಡೇ ನಾನು ಪ್ರತಿಸಲವೂ ಅಗ್ಗದ್ದನ್ನು ಹಿಡಿಯುತ್ತಿದ್ದೆ.

ಅವ್ವನಿಗೆ ಸೈಕಲ್ ವಿಷಯ ಹೇಳಿರಲಿಲ್ಲ. ಅಂಥ ಬಿಗಿ ಪ್ಯಾಂಟಿನಲ್ಲಿ ಸೊಸೆ ರಸ್ತೆಗೆ ಹೋಗುವುದನ್ನು ಅವ್ವ ಒಪ್ಪುತ್ತಿರಲಿಲ್ಲ. ಮೋಟರು ಹಾಕಬೇಕು, ಹೂವು ಬಿಡಿಸಬೇಕು ಎಂದು ಹೇಳಿ ನಾವಿಬ್ಬರೂ ಮಬ್ಬು ಬೆಳಕಿನಲ್ಲೇ ತೋಟಕ್ಕೆ ಬರುತ್ತಿದ್ದೆವು. ಅವಳು ಪ್ಯಾಂಟಿನ ಮೇಲೆ ನೈಟಿ ಹಾಕಿಕೊಂಡು ಬಂದು, ನೈಟಿಯನ್ನು ತೆಗೆದು ಮಡಿಸಿ ಬಾವಿಕಟ್ಟೆಯ ಮೇಲೆ ಇಡುತ್ತಿದ್ದಳು. ಅದರ ಪಕ್ಕಕ್ಕೆ ಚಪ್ಪಲಿ ಬಿಟ್ಟು, ಮಗಳ ಹಳೆ ಬೂಟು ಹಾಕಿಕೊಂಡು ಹೊರಡುತ್ತಿದ್ದಳು. ನೊಣವಿನಕೆರೆಯ ಏರಿಯವರೆಗೆ ಹೋಗಿ ಹಿಂತಿರುಗಿದರೆ ಬಿಸಿಲೇರುವ ಮೊದಲು ವಾಪಸ್. ನಮ್ಮದು ಹಳೆಯ ತೆರೆದ ಬಾವಿ. ಬೋರಿನ ನೀರನ್ನು ಅದಕ್ಕೆ ಬಿಟ್ಟುಕೊಂಡು ತೋಟಕ್ಕೆ ಎತ್ತುತ್ತೇವೆ, ಹಾಗಾಗಿ ಅದರಲ್ಲಿ ಯಾವಾಗಲೂ ಆಳು ಮುಳುಗುವಷ್ಟು ನೀರು.

ಆ ದಿನ ಅವಳು ಹೊತ್ತಾದರೂ ಬರಲಿಲ್ಲ. ನಾನು ತೋಟದ ಆ ತುದಿಯಲ್ಲಿ ಡ್ರಿಪ್ ಪೈಪು ಬಿಚ್ಚಿಕೊಂಡು ಕೂತಿದ್ದೆ. ದಾರಿಯ ಕಡೆ ಕಣ್ಣು, ಕೈಯಲ್ಲಿ ಕೆಲಸ ಸಾಗುತ್ತಿರಲಿಲ್ಲ. ರಸ್ತೆಯಲ್ಲಿ ಲಾರಿಯ ಶಬ್ದ ಕೇಳಿದಾಗಲೆಲ್ಲ ತಲೆ ಎತ್ತಿ ನೋಡುತ್ತಿದ್ದೆ. ಅಷ್ಟರಲ್ಲಿ ಬಾವಿಯ ಕಡೆಯಿಂದ, ನಮ್ಮನ್ನು ಹುಡುಕಿಕೊಂಡು ಬಂದಿದ್ದ ಅವ್ವ ಕೂಗಿದ್ದು ಕೇಳಿಸಿತು. ಅದು ಕರೆಯುವ ಕೂಗಾಗಿರಲಿಲ್ಲ.

ನಾನು ಓಡಿಬಂದಾಗ ಅವ್ವ ನೈಟಿಯನ್ನು ಎದೆಗೆ ಅವಚಿಕೊಂಡು ಕಟ್ಟೆಯ ಪಕ್ಕ ಕುಸಿದಿದ್ದಳು. ಕಣದಲ್ಲಿ ಕಾಯಿ ಸುಲಿಯುತ್ತಿದ್ದವನು ಆಗಲೇ ಬಂದು ಬಾವಿಗೆ ಬಗ್ಗಿದ್ದ. ಪಕ್ಕದ ತೋಟದವರೂ ಬರುತ್ತಿದ್ದರು. ಹಿಂದಿನ ದಿನ ಹಾಲು ಉಕ್ಕಿಸಿದ್ದಕ್ಕೆ ಅವ್ವ ಅವಳಿಗೆ ಬಿರುಸಾಗಿ ಏನೋ ಅಂದಿದ್ದಳು. ಅವಳು ಮಾತಾಡದೆ ಮಲಗಿದ್ದಳು. ಅವ್ವನ ಮುಖದಲ್ಲಿ ಆ ಮಾತು ಕಾಣುತ್ತಿತ್ತು.

"ಸೈಕಲ್ ತಗೊಂಡು ಹೋಗವ್ಳೆ ಕಣವ್ವ," ಎಂದೆ.

"ಬಟ್ಟೆ ಬಿಚ್ಚಿಟ್ಟು ಎತ್ತಲಾಗ್ಲಾ ಹೋಗ್ತಾಳೆ?" ಎಂದಳು ಅವ್ವ.

ಪ್ಯಾಂಟಿನ ಕಥೆ ಹೇಳಬೇಕೆಂದು ಬಾಯಿ ತೆರೆದೆ. ಸುತ್ತ ಗಂಡಸರು ನಿಂತಿದ್ದರು, ಮಾತು ಹೊರಡಲಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ನನಗೇ ನನ್ನ ಮಾತಿನ ಮೇಲೆ ನಂಬಿಕೆ ಹೋಗುತ್ತಿತ್ತು. ಪಂಪ್‌ಸೆಟ್ ಮನೆಯೊಳಗೆ ಹೋಗಿ ನೋಡಿದೆ. ಸೈಕಲ್ಲು ಇರಲಿಲ್ಲ. ಇಲ್ಲದಿದ್ದದ್ದು ಒಳ್ಳೆಯದೇ. ಆದರೂ ಇಷ್ಟು ಹೊತ್ತು ಯಾಕೆ? ಹೊರಗೆ ಬಂದರೆ ಸುಲಿಯುವವನು ಪಾತಾಳಗರಡಿ ತರಿಸಿ ಹಗ್ಗ ಬಿಡುತ್ತಿದ್ದ. ಬೇಡ ಎನ್ನಲು ನನಗೆ ಆಗಲಿಲ್ಲ. ಕೊಕ್ಕೆಗಳು ನೀರಿಗೆ ತಾಗಿದ ಸದ್ದು ಕೇಳಿಸಿತು. ಅವನು ಹಗ್ಗವನ್ನು ಅತ್ತಿತ್ತ ಆಡಿಸಿ, ತಡೆದು, "ಏನೋ ಸಿಕ್ತು," ಎಂದ.

ಅವ್ವ ನೈಟಿಯಲ್ಲಿ ಮುಖ ಮುಚ್ಚಿಕೊಂಡಳು. ಹಗ್ಗ ಭಾರವಾಗಿತ್ತು, ನಾನೂ ಕೈ ಹಾಕಿದೆ. ನಾನೇ ಎಳೆಯುತ್ತಿದ್ದೇನೆ ಎಂಬುದು ಅರ್ಧ ಎಳೆದ ಮೇಲೆ ತಿಳಿಯಿತು. ನೀರಿನಿಂದ ಮೇಲೆ ಕಪ್ಪಗೆ, ಬಟ್ಟೆಯ ಹಾಗೆ ಏನೋ ಒಂದು ಬಂತು. ನನ್ನ ಕೈ ಬಿಟ್ಟುಹೋಯಿತು. ಸುಲಿಯುವವನು ಒಬ್ಬನೇ ಅದನ್ನು ಕಟ್ಟೆಗೆ ಎಳೆದು ಹಾಕಿದ. ಎಂದೋ ಬಿದ್ದಿದ್ದ ಟಾರ್ಪಾಲಿನ ತುಂಡು, ಅದರ ಮಡಿಕೆಯೊಳಗೆ ಕೆಸರು.

"ಇನ್ನೊಂದ್ಸಲ ಬುಡ್ತೀನಿ," ಎಂದ ಅವನು, ಮೆಲ್ಲಗೆ.

ಆಗ ಹಿಂದಿನಿಂದ "ಅತ್ತೆ" ಎಂದು ಕೂಗು ಕೇಳಿತು. ತಿರುಗಿದರೆ ಮಟ್ಟೆಯ ರಾಶಿಯ ಹಿಂದೆ ಸೈಕಲ್ಲನ್ನು ಬಿಸಾಡಿ ಅವಳು ಓಡಿಬರುತ್ತಿದ್ದಳು. ಹುಕ್ಕು ಹಾಕಿದ ಹಳದಿ ಅಂಗಿ, ಬಿಗಿ ಪ್ಯಾಂಟು. ಪ್ಯಾಂಟಿನ ಹಿಂಬದಿಯ ಹೊಲಿಗೆ ಸೊಂಟದಿಂದ ತೊಡೆಯವರೆಗೆ ಬಿಟ್ಟುಹೋಗಿ ಸ್ಪಂಜು ಹೊರಗೆ ನೇತಾಡುತ್ತಿತ್ತು. ನೊಣವಿನಕೆರೆಯ ಏರಿಯಿಂದ ತಿರುಗುವಾಗ ಅದು ಹರಿದಿತ್ತಂತೆ. ರಸ್ತೆಯಲ್ಲಿ ಬರಲು ನಾಚಿಕೆಯಾಗಿ, ತೋಟದಿಂದ ತೋಟಕ್ಕೆ ಬೇಲಿ ಸಂದಿನಲ್ಲಿ ಸೈಕಲ್ ತಳ್ಳಿಕೊಂಡು ಬಂದಿದ್ದಳು. ಬಾವಿಯ ಸುತ್ತ ಜನ ಕಂಡು, ಹಗ್ಗ ಕಂಡು, ಅತ್ತೆಯೇ ಬಿದ್ದಳು ಎಂದುಕೊಂಡಿದ್ದಳು.

ಅವ್ವ ಎದ್ದಳು. ಹೊಡೆಯುತ್ತಾಳೆ ಎಂದು ನಾನು ಅಂದುಕೊಂಡೆ. ಅವ್ವ ಆ ನೈಟಿಯನ್ನು ಅವಳ ತಲೆಯ ಮೇಲಿನಿಂದ ಹಾಕಿ, ಕೂಸಿಗೆ ತೊಡಿಸುವ ಹಾಗೆ ಕೈಗಳನ್ನು ಒಂದೊಂದಾಗಿ ತೂರಿಸಿದಳು. ಗಂಡಸರು ಬೇರೆ ಕಡೆ ನೋಡುತ್ತಿದ್ದರು. ಎಲ್ಲರೂ ಹೋದ ಮೇಲೆ ಹೇಳಿದಳು:

"ಇನ್ಮ್ಯಾಲೆ ಬಾವಿ ತಾವ ಬಟ್ಟೆ ಬಿಚ್ಚಿಡ್ಬೇಡ ಕಣವ್ವ. ಅದೇನ್ ಹಾಕ್ಕೊಂತೀಯೋ ಮನೇಲೇ ಹಾಕ್ಕೊಂಡು ಹೋಗು."

ಮರುದಿನದಿಂದ ಅವಳು ನಡುಮನೆಯ ಬಾಗಿಲು ಹಾಕಿಕೊಂಡು ಸಿದ್ಧವಾಗುತ್ತಿದ್ದಳು. ಹರಿದ ಪ್ಯಾಂಟನ್ನು ತಾನೇ ಹೊಲಿದು, ಸ್ಪಂಜು ಜರುಗದಂತೆ ಹಳೆ ಕೌದಿಯ ತುಂಡು ಇಟ್ಟಿದ್ದಳು. ಆಮೇಲಿಂದ ಅದು ಇನ್ನೂ ಬಿಗಿಯಾಯಿತು, ಏರಿಸಿಕೊಳ್ಳಲು ಹೊತ್ತು ಹಿಡಿಯುತ್ತಿತ್ತು. ಬೇಳೆ ಡಬ್ಬ ನಡುಮನೆಯಲ್ಲಿ, ಅವ್ವ ಹೊರಗೆ. ಬಾಗಿಲು ಬಡಿದು, ಇನ್ನೂ ಆಗಲಿಲ್ಲವೇನೇ ಎಂದು ಗೊಣಗುವುದು ಬೆಳಗಿನ ಪಾಠವಾಯಿತು. ಒಳಗಿನಿಂದ ಒಂದು ಕಾಲು ಆಯ್ತು ಅತ್ತೆ, ಇನ್ನೊಂದಿದೆ ಎಂದು ಉತ್ತರ ಬರುತ್ತಿತ್ತು.

ಆ ಮಳೆಗಾಲದ ಕೊನೆಗೆ ಜ್ವರ ಬಂತು. ತುರುವೇಕೆರೆಯಲ್ಲಿ ತೋರಿಸಿದೆವು, ಅಲ್ಲಿಂದ ತುಮಕೂರಿಗೆ ಕಳಿಸಿದರು. ಅದನ್ನು ಬರೆಯಲು ನನಗೆ ಇನ್ನೂ ಆಗುವುದಿಲ್ಲ.

ಹಬ್ಬಕ್ಕೆ ಮುಂಚೆ ನಾನು ಆ ಗೊಬ್ಬರದ ಚೀಲ ತೆಗೆದುಕೊಂಡು ತುಮಕೂರಿಗೆ ಹೋದೆ. ಸೈಕಲ್ ಸಾಮಾನಿನ ದೊಡ್ಡ ಅಂಗಡಿಯವನು ಯಾರಿಗೆ, ಯಾವ ಸೈಜು ಎಂದು ಕೇಳಿದ. ಹಳೆಯದನ್ನು ತೆಗೆದು ಕೊಟ್ಟೆ. ಅವನು ಕೌದಿಯ ತುಂಡನ್ನು ನೋಡಿದ, ನನ್ನನ್ನು ನೋಡಿದ, ಅಳತೆ ಹಿಡಿದ. ಅಂಗಡಿಯಲ್ಲಿದ್ದ ಅತ್ಯುತ್ತಮವಾದದ್ದನ್ನು ಕೊಡಿ ಎಂದೆ. ಹಿಂತಿರುಗುವಾಗ ಬಸ್ಸಿನಲ್ಲಿ ಆ ಕವರನ್ನು ಮಡಿಲಲ್ಲಿ ಇಟ್ಟುಕೊಂಡು ಅವ್ವನಿಗೆ ಹೇಗೆ ಹೇಳುವುದು ಎಂದು ಯೋಚಿಸಿದೆ. ತಮ್ಮನ ಮಗಳ ಸಾವಿಗೆ ಕಾರಣ ಎಂದು ನಂಬಿದ್ದನ್ನೇ ಅವಳ ಎಡೆಗೆ ಇಡು ಎನ್ನುವುದು ಹೇಗೆ? ಹೇಳಲಿಲ್ಲ. ಹಬ್ಬದ ದಿನ ತಟ್ಟೆಯಲ್ಲಿ ಅವ್ವ ತಂದ ಹಸಿರು ಸೀರೆಯ ಮಡಿಕೆಯ ಅಡಿಗೆ ಇಟ್ಟುಬಿಟ್ಟೆ.

ಅರಸೀಕೆರೆಯಿಂದ ಅಣ್ಣ ಬಂದಿದ್ದ. ಒಬ್ಬಟ್ಟು, ವಡೆ, ಅನ್ನ, ಹುಳಿ ಎಲ್ಲ ಬಡಿಸಿಯಾಗಿತ್ತು. ಮಗಳು ಎಲೆಯ ತುದಿಗೆ ಕೊಬ್ಬರಿ ಚೂರು ಇಟ್ಟಳು, ಅದರ ಪಕ್ಕಕ್ಕೆ ಸ್ವಲ್ಪ ಬೆಲ್ಲ. ಬಟ್ಟೆಗಳ ಮೂಲೆಗೆ ಅರಿಶಿನ ಮುಟ್ಟಿಸಲು ಅಣ್ಣ ತಟ್ಟೆ ಎಳೆದುಕೊಂಡ. ಸೀರೆ ಎತ್ತಿದ.

"ಇದೇನ್ಲಾ ಇದು? ಎಡೆಗೆ ಚಡ್ಡಿ ಮಡಗಿದ್ದೀಯಾ? ಹಿರಿಯರು ಕೂರೋ ಜಾಗ ಕಣ್ಲಾ."

ನಾನು ಅಣ್ಣನ ಮುಖ ನೋಡಲಿಲ್ಲ. ಅವ್ವನನ್ನು ನೋಡಿದೆ. ಅವಳು ಕೈ ಚಾಚಿದಳು, ಅಣ್ಣ ಕೊಟ್ಟ. ಈಗ ಅದು ಹಿತ್ತಿಲಿಗೆ ಹೋಗುತ್ತದೆ ಎಂದುಕೊಂಡೆ. ಒಲೆಗೂ ಹೋಗಬಹುದು. ಹೋದರೆ ನಾನು ಏನು ಮಾಡುತ್ತೇನೆ ಎಂದು ನನಗೇ ತಿಳಿದಿರಲಿಲ್ಲ. ಮಗಳು ನನ್ನ ತೋಳು ಹಿಡಿದುಕೊಂಡಳು.

ಅವ್ವ ಪ್ಯಾಂಟನ್ನು ಬೆಳಕಿಗೆ ಹಿಡಿದು, ಒಳಗು ಹೊರಗು ಮಾಡಿದಳು. ಹೆಬ್ಬೆರಳಿನಿಂದ ಸ್ಪಂಜು ಒತ್ತಿದಳು, ಬಿಟ್ಟಳು, ಮತ್ತೆ ಒತ್ತಿದಳು. ಸುತ್ತಲ ಹೊಲಿಗೆಯನ್ನು ಉಗುರಿನಿಂದ ಎಳೆದು ನೋಡಿದಳು. ಹಿಂಬದಿಯ ಹೊಲಿಗೆಯನ್ನು ಎರಡು ಕೈಯಲ್ಲಿ ಹಿಡಿದು ಜಗ್ಗಿದಳು. ಅದು ಬಿಡಲಿಲ್ಲ.

"ಇದು ಜರುಗಲ್ವಾ?" ಎಂದು ಕೇಳಿದಳು.

"ಇಲ್ಲ ಕಣವ್ವ."

"ಮೊದ್ಲೇ ತರ್ಬಾರ್ದಿತ್ತಾ."

ಅಷ್ಟೇ. ಅವ್ವ ನನಗೆ ಹೇಳಬೇಕಾಗಿದ್ದದ್ದೆಲ್ಲ ಅದರಲ್ಲಿತ್ತು, ನಾನು ತಲೆ ತಗ್ಗಿಸಿದೆ. ಅವ್ವ ಪ್ಯಾಂಟನ್ನು ಮತ್ತೆ ನೇರ ಮಾಡಿ, ಅಂಚಿಗೆ ಅರಿಶಿನ ಮುಟ್ಟಿಸಿ, ಸೀರೆಯ ಮೇಲೆ ಇಟ್ಟಳು. ಅಣ್ಣ ಏನೋ ಹೇಳಲು ಹೋದ. ಅವಳ ಎಡೆ ಅವಳಿಗೆ, ನಿಂದು ಬಂದಾಗ ನಿಂಗೆ ಪಂಚೆ ಇಡೋರು ಇಡ್ತಾರೆ ಎಂದು ಅವ್ವ ಅಂದಳು.

ಧೂಪ ಹಾಕಿ, ಕೈ ಮುಗಿದು, ನಾವೆಲ್ಲ ಹೊರಗೆ ಬಂದು ಬಾಗಿಲು ಹಾಕಿದೆವು. ಹಿರಿಯರು ಬಂದು ಉಂಡು ಹೋಗಲಿ ಎಂದು ನಮ್ಮಲ್ಲಿ ಹೀಗೆ ಸ್ವಲ್ಪ ಹೊತ್ತು ಬಾಗಿಲು ಹಾಕಿರುತ್ತೇವೆ. ಜಗಲಿಯ ಮೇಲೆ ಕೂತೆವು. ಅಣ್ಣನಿಗೆ ಬಸ್ಸಿನ ಅವಸರ, ಎದ್ದು ಬಾಗಿಲ ಹತ್ತಿರ ಹೋಗಿ ಇನ್ನು ತೆಗೆಯೋಣವೇ ಎಂದ.

ಅವ್ವ ಕಂಬಕ್ಕೆ ಒರಗಿ ಕೂತಿದ್ದಳು. ತಲೆ ಎತ್ತಲಿಲ್ಲ.

"ಇನ್ನೊಂಚೂರು ಹೊತ್ತು ಇರ್ಲಿ ಬುಡು. ಅದ ಹಾಕ್ಕೊಳೋಕೆ ಅವಳಿಗೆ ಹೊತ್ತಾಯ್ತದೆ," ಎಂದಳು.

ಅಣ್ಣ ಬಂದು ಮತ್ತೆ ಕೂತ.