ಗಾಲಿಗೆ ಕೊಟ್ಟ ಕಲ್ಲು

ಹಳಿಯಾಳದ ನಮ್ಮ ಓಣಿಯಲ್ಲಿ ದಿಲಶಾದಬಿಯ ಮದುವೆಯ ಕತೆ ಕೇಳದವರಿಲ್ಲ. ಆಕೆ ಯಾವಾಗಲೂ ಒಂದೇ ರೀತಿ ಶುರು ಮಾಡುತ್ತಿದ್ದಳು: "ಅವತ್ತ ಅಡವಿ ಎಲ್ಲಾ ಕೆಂಪಗಿತ್ತು." ಕೆಂಪು ಮುಸುಕಿನೊಳಗಿಂದ ನೋಡಿದರೆ ಇನ್ನು ಹೇಗಿರುತ್ತದೆ, ಹೇಳಿ.

ಅದು ಎರಡನೇ ಮಹಾಯುದ್ಧದ ಕಾಲ. ಪೆಟ್ರೋಲ್ ಸಿಗದೆ ಲಾರಿಗಳಿಗೆ ಇದ್ದಿಲ ಒಲೆ ಕಟ್ಟಿ, ಅದರ ಗ್ಯಾಸಿನಿಂದ ಓಡಿಸುತ್ತಿದ್ದರು. ಅಂಥದೊಂದು ಲಾರಿಯ ಡ್ರೈವರ್ ಕಾಸಿಂಸಾಬನೇ ಮದುಮಗ. ಸೂಪಾ ಕಡೆಯಿಂದ ಹೆಂಡತಿಯನ್ನು ಕೂಡಿಸಿಕೊಂಡು, ಮರ ಸಾಗಿಸುವ ಅಡವಿ ದಾರಿಯಲ್ಲಿ ತಾನೇ ಲಾರಿ ಹೊಡೆದುಕೊಂಡು ಬರುತ್ತಿದ್ದ. ಅವನ ತಾಯಿ ಅಮೀರುನ್ನಿಸಾ ಮೊದಲೇ ಹೇಳಿ ಕಳಿಸಿದ್ದಳು: ನಮ್ಮ ಹೊಸ್ತಿಲಿಗಿಂತ ಮೊದಲು ಸೊಸೆಯ ಕಾಲು ಎಲ್ಲೂ ನೆಲ ಮುಟ್ಟಬಾರದು, ಮುಟ್ಟಿದರೆ ಅದೇ ಲಾರಿಯಲ್ಲಿ ತವರಿಗೆ ವಾಪಸು. ಆ ಮುದುಕಿ ಹೇಳಿದ್ದನ್ನು ಮಾಡುವವಳೇ. ಇದೇ ದಾರಿಯ ಏರಿನಲ್ಲಿ ಹಿಂದಕ್ಕೆ ಜಾರಿದ ಎತ್ತಿನ ಚಕ್ಕಡಿಯ ಕೆಳಗೆ ಸಿಕ್ಕು ಗಂಡ ಸತ್ತ ಮೇಲೆ, ಆಕೆ ಶಕುನಗಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

ದಿಲಶಾದ ಕಾಲು ಮಡಚಿ ಕೂತಿದ್ದಳು. ಲಾರಿ ಬಿದಿರು ಮೆಳೆಗಳ ನಡುವೆ ತೊಟ್ಟಿಲಿನಂತೆ ತೂಗುತ್ತ ಹೋಗುತ್ತಿತ್ತು. ಮಲ್ಲಿಗೆ, ಇದ್ದಿಲು, ಒದ್ದೆ ಎಲೆ, ಎಲ್ಲದರ ವಾಸನೆ ಒಂದಾಗಿ ಕಣ್ಣು ಎಳೆಯುತ್ತಿತ್ತು. ಕೆಂಪು ಗುಡ್ಡ, ಕೆಂಪು ಹಳ್ಳ, ಸ್ಟೇರಿಂಗಿನ ಮೇಲೆ ಇನ್ನೂ ಮುಖ ನೋಡದ ಗಂಡನ ಎರಡು ಕೈ. ಈ ದಾರಿ ಮುಗಿಯದಿದ್ದರೆ ಸಾಕು ಅನಿಸಿತ್ತಂತೆ.

ಏರು ಬಂತು. ಭಾರ ಕಡಿಮೆಯಾಗಲೆಂದು ಲಾರಿಯ ಹಿಂದೆ ಕೂತಿದ್ದ ಬೀಗರು, ಕ್ಲೀನರ್ ಎಲ್ಲ ಇಳಿದು ಕಾಲುದಾರಿ ಹಿಡಿದು ಮೇಲೆ ಹೋದರು. ನಡು ಏರಿನಲ್ಲಿ ಗ್ಯಾಸು ಸಾಲದೆ ಇಂಜಿನ್ ನಿಂತಿತು. ಬ್ರೇಕು ಹಿಡಿಯಲಿಲ್ಲ. ಲಾರಿ ಮೆಲ್ಲಗೆ ಹಿಂದಕ್ಕೆ, ಕೊರಕಲಿನ ಕಡೆ ಜಾರತೊಡಗಿತು.

"ಕಲ್ಲು," ಎಂದು ಕೂಗಿದ ಕಾಸಿಂಸಾಬ. ಏರಿನಲ್ಲಿ ಲಾರಿ ಹಿಂದೆ ಜಾರದಂತೆ ಗಾಲಿಗೆ ಕಲ್ಲು ಕೊಡುವುದು ಕ್ಲೀನರನ ಕೆಲಸ. ಅವನು ಇಲ್ಲವೆನ್ನುವುದೇ ಕಾಸಿಂಸಾಬನಿಗೆ ಮರೆತಿತ್ತು. ಗಂಡನ ಬಾಯಿಂದ ಆಕೆ ಕೇಳಿದ ಮೊದಲ ಮಾತು ಅದೇ. ಜಿಗಿದಳು, ಮೆಹಂದಿಯ ಕೈಯಲ್ಲಿ ಕಲ್ಲೆತ್ತಿ ಹಿಂದಿನ ಗಾಲಿಗೆ ಕೊಟ್ಟಳು. ಲಾರಿ ನಿಂತಿತು. ಇಬ್ಬರೂ ಮೊದಲ ಸಲ ಮುಖ ನೋಡಿಕೊಂಡರು. ಆಮೇಲೆ ಇಬ್ಬರೂ ಆಕೆಯ ಕೆಸರು ಕಾಲು ನೋಡಿದರು.

"ಹಳ್ಳ ಐತಿ, ತೊಳಕೋ," ಎಂದ ಅವನು. "ಅಮ್ಮಗ ಹೇಳೂದು ಬ್ಯಾಡ."

"ಸುಳ್ಳು ಹೇಳಿ ಮನಿ ಒಳಗ ಹೆಂಗ ಬರ್ಲಿರಿ?" ಎಂದಳು. ತೊಳೆಯಲಿಲ್ಲ.

ಹೊಸ್ತಿಲ ಬಳಿ ಅಮೀರುನ್ನಿಸಾ ಕಾಲು ನೋಡಿದಳು. "ಇದೇನ ಮಣ್ಣು?"

"ಏರಿನ್ಯಾಗ ಲಾರಿ ಹಿಂದಕ್ಕ ಬಂತ್ರಿ. ಗಾಲಿಗೆ ಕಲ್ಲು ಕೊಟ್ಟೆ." ಅಷ್ಟು ಹೇಳಿ ದಿಲಶಾದ ಲಾರಿಯ ಕಡೆ ತಿರುಗಿದಳು, ವಾಪಸು ಹತ್ತಲು.

ಮುದುಕಿ ಅವಳ ಸೆರಗು ಹಿಡಿದು ನಿಲ್ಲಿಸಿದಳು. ಆ ಕಾಲಿನ ಮುಂದೆ ಕುಕ್ಕರಿಸಿ ಕೂತು ತಾನೇ ಚೊಂಬಿನ ನೀರು ಹಾಕಿ ತೊಳೆದಳು.

"ಅವತ್ತ ಇವನಪ್ಪನ ಚಕ್ಕಡಿಗೆ ಕಲ್ಲು ಕೊಡಾಕ ಯಾರೂ ಇರಲಿಲ್ಲವ್ವಾ," ಎಂದಳು. "ಒಳಗ ಬಾ."